ಹೊಗೆ, ಸೊನ್ನೆಯಿಂದ ನೂರರವರೆಗೆ

ಕಾಲೇಜಿನ ಕ್ಯಾಮೆರಾ. ಬೆನ್ನಿಗೆ ಏಳು ಎಂದು ಬರೆದ ಚೀಟಿ.
ಶುಕ್ರವಾರ ಸಹಿ ಹಾಕಿ ತಂದರೆ ಸೋಮವಾರದವರೆಗೆ ನನ್ನದು;
ಕಳೆದರೆ ಅಜ್ಜಿಯ ಎರಡು ವರ್ಷದ ಪಿಂಚಣಿ.

ಮೊದಲ ಪಾಠ ಬೆಳಕಿನದಲ್ಲ, ಬ್ಯಾಟರಿಯದು.
ಉಲಾನ್‌ಬಾತರಿನ ಮೈನಸ್ ಮೂವತ್ತರಲ್ಲಿ
ಹೊಟ್ಟೆ ತುಂಬಿದ ಬ್ಯಾಟರಿಯೂ
ಹನ್ನೊಂದನೇ ಚಿತ್ರಕ್ಕೆ ಕಣ್ಣು ಮುಚ್ಚುತ್ತದೆ.
ಕಂಕುಳಲ್ಲಿಟ್ಟುಕೋ, ಎಂದರು ಗಲ್ಸನ್‌ದೋರ್ಜ್ ಮೇಷ್ಟ್ರು,
ಆಗ ತಾನೆ ಹುಟ್ಟಿದ ಕುರಿಮರಿಯನ್ನು
ನಿಮ್ಮಜ್ಜಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದ ಹಾಗೆ.
ಇಟ್ಟುಕೊಂಡೆ. ಜೀವ ಬಂತು.
ಶೇಕಡಾ ನಲವತ್ತು ಜೀವ.

ಆಮೇಲಿನ ಪಾಠ: ಹಿಮವನ್ನು ಕ್ಯಾಮೆರಾ ನಂಬುವುದಿಲ್ಲ.
ಅಷ್ಟು ಬಿಳುಪು ಲೋಕದಲ್ಲಿ ಇರಲಾರದೆಂದು
ತಾನೇ ತೀರ್ಮಾನಿಸಿ ಬೂದಿ ಬಳಿಯುತ್ತದೆ.
ಒಂದೂವರೆ ಸ್ಟಾಪ್ ಮೇಲೆತ್ತು,
ಬಿಳಿ ಅಂದರೇನೆಂದು ನೀನೇ ಅದಕ್ಕೆ ಹೇಳಿಕೊಡಬೇಕು.
ಹೇಳಿಕೊಟ್ಟೆ.
ನಮ್ಮ ಓಣಿಗೆ ಬಂದರೆ ಹಿಮ ನಿಜಕ್ಕೂ ಬೂದಿ ಬಣ್ಣದ್ದು.
ಈಗ ಯಾರು ಯಾರಿಗೆ ಕಲಿಸಬೇಕು?

ಹಿಸ್ಟೋಗ್ರಾಮ್ ಓದಲು ಒಂದು ವಾರ ತಿಣುಕಿದೆ.
ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು;
ನನ್ನ ಚಿತ್ರಗಳಿಗೆಲ್ಲ ನಟ್ಟನಡುವೆ ಒಂದೇ ಗುಡ್ಡೆ,
ಎರಡೂ ಬದಿ ಬರೀ ಬಯಲು.
ಏನೇ ಇದು, ಒಂಟೆಯಾ? ಎಂದು ನಕ್ಕಳು ಪಕ್ಕದ ಅಂಗಿರ್ಮಾ.
ನಮ್ಮ ಸೀಮೆಯ ಒಂಟೆಯಾದರೆ
ಎರಡು ಡುಬ್ಬ ಇರಬೇಕಿತ್ತಲ್ಲ, ಎಂದೆ.

ಜನವರಿ. ದಿಬ್ಬ ಹತ್ತಿ ನಮ್ಮ ಓಣಿಯನ್ನೇ ತೆಗೆದೆ.
ಕಂಬಳಿ ಹೊದ್ದು ಕೂತ ದುಂಡು ಮನೆಗಳು,
ಒಂದೊಂದರ ನೆತ್ತಿಗೂ ಒಂದೊಂದು ತಗಡಿನ ಕೊಳವೆ.
ಅಂತ ನಾನು ಹೇಳಬೇಕು ಅಷ್ಟೆ.
ಪರದೆಯಲ್ಲಿ ಇದ್ದದ್ದು ಹೊಗೆ,
ಹೊಗೆಯ ಹಿಂದೆ ಇನ್ನಷ್ಟು ಹೊಗೆ,
ಮೂಲೆಯಲ್ಲಿ ಯಾರದೋ ನಾಯಿಯ ಅರ್ಧ.

ಲ್ಯಾಬಿನಲ್ಲಿ ಮೇಷ್ಟ್ರು ಒಂದು ಸ್ಲೈಡರ್ ತೋರಿಸಿದರು.
ಮಸುಕು ತೆಗೆಯುವುದು. ಸೊನ್ನೆಯಿಂದ ನೂರು.
ಇಪ್ಪತ್ತಕ್ಕೆ ಬೇಲಿ ಬಂತು.
ಮೂವತ್ತೈದಕ್ಕೆ ನೀರಿನ ಗಾಡಿ ಎಳೆಯುವ ಹುಡುಗ,
ನಾಯಿಯ ಉಳಿದರ್ಧ.
ಐವತ್ತು ದಾಟಿದ್ದೇ ತಡ ಬೆಟ್ಟ ಎದ್ದು ನಿಂತಿತು,
ಮರ ಮರವೂ ಎಣಿಸುವ ಹಾಗೆ,
ಇಷ್ಟು ದಿನ ನಮ್ಮ ಬೆನ್ನ ಹಿಂದೆಯೇ ಕೂತಿದ್ದ ನೆಂಟನಂತೆ.
ಉಳಿದ ಎಳೆಗಳನ್ನು ಕುಂಚದಲ್ಲಿ ಒರೆಸಿದೆ,
ಗಾಯ ಮಾಯಿಸುವ ಕುಂಚವಂತೆ ಅದು,
ಒಂದೊಂದೇ ಕೊಳವೆ, ಸಂಜೆ ಏಳರವರೆಗೆ.
ಭೇಷ್, ಎಂದರು ಮೇಷ್ಟ್ರು. ಪ್ರಿಂಟು ಹಾಕಿಸಿದೆ.

ತಮ್ಮ ತುಗುಲ್ದುರ್ ಕೆಮ್ಮು ನಿಲ್ಲಿಸಿ ನೋಡಿದ.
ಇದು ಯಾವ ಊರು? ಬಸ್ಸಿದೆಯಾ?
ನೀರಿನ ಗಾಡಿ ತೋರಿಸಿ ಇದು ನೀನೇ ಕಣೋ ಎಂದರೆ
ನಂಬಲೇ ಇಲ್ಲ.

ಅಜ್ಜಿ ಕನ್ನಡಕ ಹುಡುಕಿ, ಒಲೆಯ ಬೆಳಕಿಗೆ ಹಿಡಿದು,
ಬೆರಳಿಟ್ಟು ಕೊಳವೆಗಳನ್ನು ಎಣಿಸಿದಳು.
ಹದಿನೇಳು.
ಆಮೇಲೆ ಬಹಳ ಹೊತ್ತು ಸುಮ್ಮನಿದ್ದಳು.
ಜನವರಿಯಲ್ಲಿ ಒಂದು ಒಲೆಯೂ ಉರಿಯುತ್ತಿಲ್ಲ.
ಯಾಕೆ ಮಗಾ, ಎಲ್ಲ ಸತ್ತುಹೋದರಾ?

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ಗೊತ್ತಿತ್ತು.
ಮತ್ತೊಂದು ತುದಿಯಿಂದ ಆ ಮಾತನ್ನು
ನಾನು ಹಿಡಿದು ನೋಡಿರಲಿಲ್ಲ.

ಮರುದಿನ ಹೋಗಿ, ಅಳಿಸಿದ್ದನ್ನು ತುಸು ಅಳಿಸಿದೆ.
ಒಂದೇ ಒಂದು ಕೊಳವೆಯ ಮೇಲೆ, ಎಡದಿಂದ ನಾಲ್ಕನೆಯದು,
ಹೊಗೆಯನ್ನು ವಾಪಸು ಬರಗೊಟ್ಟೆ.
ಮೇಷ್ಟ್ರು ಅದಕ್ಕೆ ಕೆಂಪು ಸುತ್ತು ಹಾಕಿದರು:
ಇಲ್ಲೊಂದು ಬಿಟ್ಟುಹೋಗಿದೆ.
ನಾನೂ ಬಾಯಿಬಿಡಲಿಲ್ಲ. ಮೂರು ಅಂಕ ಹೋಯಿತು.

ಅಜ್ಜಿ ಆ ಪ್ರಿಂಟನ್ನು ಗೋಡೆಯ ಹೆಣಿಗೆ ಕಡ್ಡಿಗೆ ಸಿಕ್ಕಿಸಿದ್ದಾಳೆ,
ಒಲೆಗೆ ತೀರ ಹತ್ತಿರ, ಹೇಳಿದರೆ ಕೇಳುವುದಿಲ್ಲ.
ಮಾರ್ಚಿ ಬರುವಷ್ಟರಲ್ಲಿ ಅಂಚು ಹಳದಿ,
ಬೆಟ್ಟದ ನೆತ್ತಿ ಮಸುಕು.
ನಾನು ಯಾವ ಸ್ಲೈಡರನ್ನೂ ಮುಟ್ಟಿಲ್ಲ.