ಗೇಣೆತ್ತರ

ನಿನ್ನೆ ಬನಶ್ರೀ ಅಂಬೆಗಾಲಿಟ್ಟಳು.
ಇವತ್ತ ನಾನೂ ಇಟ್ಟೆ,
ಲುಂಗಿ ಎತ್ತಿ ಕಟ್ಟಿ, ಹೊಸ್ತಿಲದಿಂದ ಶುರು ಮಾಡಿ.
ಅವ್ವ ನಕ್ಕಳು: "ಏನ ಕಳಕೊಂಡಿಯೋ?"

ಕಳಕೊಂಡಿಲ್ಲವ್ವ. ಇನ್ನೂ.

ಇಲ್ಲಿಂದ ಗುಳೇದಗುಡ್ಡದ ಈ ಮನಿ ಬ್ಯಾರೇನ ಐತಿ.
ಚಹಾದ ಕಪ್ಪು ಕಾಣೂದಿಲ್ಲ, ಕಟ್ಟಿ ಅಂಚಿಗಿ ಅದರ ಹೊಗಿ ಅಷ್ಟ.
ಟೀವಿ ವಾಯರು ಬಾ ಬಾ ಅಂತೈತಿ.
ಕಾಟಿನ ಕೆಳಗ ಅವ್ವನ ಬಿಪಿ ಗುಳಿಗಿ,
ಒಂದೇ ಒಂದು,
ಪೆಪ್ಪರಮೆಂಟಿನಂಗ ಗುಲಾಬಿ.
ಶರಬತ್ತಿನ ಬಾಟ್ಲಿಯೊಳಗ
ನೂಲಿನ ಬಣ್ಣಕ್ಕ ಹಾಕೂ ಸೋಡಾ. ಇಟ್ಟಾಂವ ನಾನ.

ಆಮ್ಯಾಲೆ ಮಗ್ಗದ ತೆಗ್ಗು.
ಮೂರು ತಲಿಮಾರು ಕಾಲು ಇಳಿಬಿಟ್ಟು ಖಣ ನೇಯ್ದ ತೆಗ್ಗು.
ನನಗ ಮೊಣಕಾಲಮಟ.
ಅಕಿಗೆ ಬಾವಿ.

ಅಂಚಿಗಿ ನಿಂತ ಕಂಬಕ್ಕ ಕೈ ಹಚ್ಚಿದೆ.
ಗೇಣೆತ್ತರದಾಗ, ಸುತ್ತಲೂ, ಸವೆದ ಒಂದು ಗೆರಿ.
"ಅದು ನಿಂದು," ಅಂದಳು ಅವ್ವ. ನಗು ನಿಂತಿತ್ತು.
"ಹಳೇ ಸೀರಿ ಹರದು ಕಟ್ಟಿ ಹಾಕತಿದ್ದೆ.
ದಿನಕ್ಕ ಮೂರು ಖಣ ಇಳೀಬೇಕಿತ್ತು.
ನೀ ಅತ್ತರ
ಲಾಳಿ ಇನ್ನಷ್ಟು ಜೋರ ಒಗೀತಿದ್ದೆ."

ಏನೂ ಅನ್ನಲಿಲ್ಲ ನಾನು.
ಕಟ್ಟಿದ್ದಕ್ಕ ಇದ್ದೀನಿ.

ಮಧ್ಯಾಹ್ನ ಹಲಗಿ ತಂದು ಕೊಯ್ದು
ತೆಗ್ಗಿಗೆ ಮುಚ್ಚಳ ಮಾಡಿದೆ, ಮ್ಯಾಲೊಂದು ಚಿಲಕ.
ಸೋಡಾ ಅಟ್ಟದ ಮ್ಯಾಲ ಹೋತು.
"ನೇಯೂದು ಯಾವಾಗ?"
ಅಕಿ ಮಲಗಿದಾಗ, ಅಂದೆ.
ಅವ್ವ ಗುಳಿಗಿ ಡಬ್ಬಿ ತಂದು ತಾನ ನನ್ನ ಕೈಯಾಗ ಇಟ್ಟಳು.

ಸಂಜಿಗೆ ಬನಶ್ರೀ ಹಲಗಿ ಮ್ಯಾಲೇರಿ
ಎರಡೂ ಅಂಗೈಲೆ ಬಡದಳು. ಟೊಳ್ಳು ಸಪ್ಪಳ.
ಒಳಗ ಯಾರೋ ಅದಾರ ಅನ್ನೂಹಂಗ
ಬಗ್ಗಿ ಕಿವಿ ಹಚ್ಚಿದಳು.