ಏಳನೇ ನಂಬರ್ ಬಸ್ಸು

ಬೆಳಗಿನ ಐದೂಮುಕ್ಕಾಲು. ನೆಬ್ರಾಸ್ಕದ ಚಳಿಗೆ
ಸ್ಟೀರಿಂಗು ಕಬ್ಬಿಣದ ಬಳೆ.
ನನಗೆ ಎಪ್ಪತ್ತಮೂರು. ಎರಡು ಸಲ ನಿವೃತ್ತಳಾದೆ,
ಎರಡು ಸಲವೂ ಫೋನು:
‘ಲವರ್ನ್, ಇನ್ನೊಂದೇ ವರ್ಷ. ಯಾರೂ ಸಿಗುತ್ತಿಲ್ಲ.’

ಸಿಗುವುದೆಲ್ಲಿಂದ?
ಆಗ ಐವತ್ತೆರಡು ಮಕ್ಕಳು, ಸೀಟಿಗೆ ಮೂವರು,
ಹಿಂದಿನ ಗಾಜಿನ ಮೇಲೆ ಉಸಿರಿನ ಚಿತ್ರ.
ಈಗ ಹನ್ನೊಂದು ಮಕ್ಕಳು, ಎಪ್ಪತ್ತು ಮೈಲಿ.
ಮಕ್ಕಳು ಕಮ್ಮಿಯಾದಷ್ಟೂ ದಾರಿ ಉದ್ದ.
ಮೂರು ಶಾಲೆ ಕೂಡಿ ಒಂದಾಗಿದೆ,
ಸಂಗೀತದ ಮೇಷ್ಟ್ರು ಮಂಗಳವಾರ ಮಾತ್ರ.

ತಲೆಗಿಷ್ಟು ಅಂತ ದುಡ್ಡು. ತಲೆ ಕಮ್ಮಿ, ದುಡ್ಡೂ ಕಮ್ಮಿ.
ಈ ಲೆಕ್ಕ ಬಾಯ್ಲರಿಗೆ ಹೇಳುವವರು ಯಾರು?
ಹತ್ತು ಮಕ್ಕಳಿಗೂ ಅಷ್ಟೇ ಗ್ಯಾಸು ಕುಡಿಯುತ್ತದೆ,
ನೂರಕ್ಕೂ ಅಷ್ಟೇ.
ಕುಲಾವಿ ಹೆಣೆಯುವ ಕೈಗಳು ಬೇಕಾದಷ್ಟಿವೆ ಈ ಊರಲ್ಲಿ,
ಕೂಸಿಲ್ಲ.

ಒಂಬತ್ತು ವರ್ಷದ ಹಿಂದೆ
ಶಾಲೆಗೆಂದು ತೆರಿಗೆ ಏರಿಸೋಣವೇ ಅಂತ ಓಟು.
ಚರ್ಚಿನ ನೆಲಮಾಳಿಗೆ, ದಾರ ಕಟ್ಟಿದ ಪೆನ್ನು.
ನಮ್ಮನೆ ಮಕ್ಕಳ ಓದು ಮುಗಿದಿತ್ತು,
ಜೋಳದ ಬೆಲೆ ಬಿದ್ದಿತ್ತು.
ಬೇಡ ಅಂತ ಗುರುತು ಹಾಕಿದೆ.
ಮೈಲೋಗೂ ಹೇಳಲಿಲ್ಲ.
ಹದಿನಾಲ್ಕು ಓಟಿಗೆ ಸೋತಿತು.
ಮರುದಿನ ಬಸ್ಸು ಓಡಿಸಿದೆ,
ಮೇಲಿನ ಕನ್ನಡಿ ನೋಡದೆ.

ಮೈಲೋ ಈಗ ವೃದ್ಧರ ಆಸ್ಪತ್ರೆಯಲ್ಲಿ.
ಅಲ್ಲಿ ಅರ್ಧ ಕಟ್ಟಡಕ್ಕೆ ಬೀಗ. ಹಾಸಿಗೆಗಳಿವೆ,
ಮಗ್ಗುಲು ಹೊರಳಿಸುವ ಕೈ ಇಲ್ಲ.
ರಾತ್ರಿ ಗಂಟೆ ಒತ್ತಿದರೆ
ಬೆಳಿಗ್ಗೆ ಬರುತ್ತಾರೆ, ಪಾಪ, ಓಡಿಕೊಂಡೇ ಬರುತ್ತಾರೆ.

ಮೂರನೇ ಸೀಟಿನಲ್ಲಿ ಯೆಸೇನಿಯಾ, ಏಳು ವರ್ಷ,
ಮುಂದಿನ ಹಲ್ಲೆರಡಿಲ್ಲ.
ತಾಯಿ ಮಾಂಸದ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದು
ಬೂಟು ಬಿಚ್ಚದೆಯೇ ಮಗಳನ್ನು ಹತ್ತಿಸುತ್ತಾಳೆ.
ಹುಡುಗಿಗೆ ಓದುವ ಹುಚ್ಚು. ದಾರಿಯ ಬೋರ್ಡೆಲ್ಲ
ಗಟ್ಟಿಯಾಗಿ ಓದುತ್ತಾಳೆ, ಹಲ್ಲಿನ ಸಂದಿಯಲ್ಲಿ ಗಾಳಿ:
‘ಕೆಲಸಕ್ಕೆ ಜನ ಬೇಕು.’
ಧಾನ್ಯದ ಗೋದಾಮಿನಲ್ಲಿ. ಗರಾಜಿನಲ್ಲಿ. ಆಸ್ಪತ್ರೆಯ ಬೇಲಿಯಲ್ಲಿ.
‘ನಮ್ಮ ಬಸ್ಸಿನ ಹಿಂದೂ ಬರೆದಿದೆ, ಗೊತ್ತಾ?’ ಅನ್ನುತ್ತಾಳೆ.
ಗೊತ್ತು ಮಗಳೇ.
‘ಯಾರು ಬೇಕಂತೆ?’

ನೀನೇ ಅಂದುಬಿಡಬಹುದಿತ್ತು.
ಹಲ್ಲಿಲ್ಲದ ಮಗುವಿನ ಕೈಗೆ
ಊರಿನ ಸಾಲದ ಚೀಟಿ ಹೇಗೆ ಕೊಡಲಿ?
ಹನ್ನೆರಡು, ಹದಿನೈದು ವರ್ಷ ಬೇಕು ಅವಳಿಗೆ.
ಅಷ್ಟು ದಿನ ಮೈಲೋ
ಒಂದೇ ಮಗ್ಗುಲಲ್ಲಿ ಮಲಗಿರಬೇಕು.

ನವೆಂಬರಿನಲ್ಲಿ ಮತ್ತೆ ಓಟು. ಅದೇ ನೆಲಮಾಳಿಗೆ.

ರೈಲು ಹಳಿ ಬಂತು. ನಿಯಮವಿದೆ:
ಬಸ್ಸು ನಿಲ್ಲಿಸು, ಬಾಗಿಲು ತೆರೆ, ಕಿವಿಗೊಡು.
ಹನ್ನೊಂದು ಮಕ್ಕಳೂ ಉಸಿರು ಬಿಗಿಹಿಡಿದಿದ್ದಾರೆ.
ಚಳಿ ಒಳಗೆ ಬರುತ್ತಿದೆ.
ದೂರದಲ್ಲಿ ಏನೋ ಸದ್ದು,
ರೈಲೋ ಗಾಳಿಯೋ.
ಇನ್ನೂ ಕೇಳುತ್ತಿದ್ದೇನೆ.