ಹನ್ನೊಂದು ನಿಮಿಷ

ಹಳೆಯ ಅಡುಗೆಮನೆಯ ಬಾಗಿಲು ಇದು.
ಅಂಗಾತ ಮಲಗಿಸಿದ್ದೇನೆ ಎರಡು ಮರಗುದುರೆಗಳ ಮೇಲೆ.
ಇನ್ನು ಇದನ್ನು ಹಾದು ಯಾರೂ ಬರುವುದಿಲ್ಲ,
ಒಂದು ರೈಲು ಬಿಟ್ಟು.
ಬೀಗದ ತೂತಿದ್ದಲ್ಲಿ ಬಾವಿ ತೋಡಿದೆ;
ನೀರು, ಬಣ್ಣವಿಲ್ಲದ ಉಗುರುಬಣ್ಣದ ಮೂರು ಹನಿ.

ಗುಡ್ಡಗಳು ಹಲ್ಲಿನ ಅಚ್ಚಿಗೆ ಹೊಯ್ಯುವ ಗಾರೆಯವು.
ನಲವತ್ತು ವರ್ಷ ಎಲ್ಬೆ ದಂಡೆಯ ಈ ಊರಿನ
ಬಾಯಿ ಬಾಯಿ ನೋಡಿದ ವೈದ್ಯ ನಾನು,
ಕೈಗೆ ಬೇರೆ ಬೆಟ್ಟ ಗೊತ್ತಿಲ್ಲ.
ದಿಟ್ಟಿಸಿದರೆ ಸುರಂಗದ ಮೇಲಿನ ಬಂಡೆ
ಕಸಾಯಿ ಹ್ರೂಬೆಶನ ಕೆಳದವಡೆಯೇ.
ಅವನು ತೀರಿಕೊಂಡ.
ಬಂಡೆಗೆ ಪಾಚಿ ಹಿಡಿಸಿದ್ದೇನೆ.

ನೂರಿಪ್ಪತ್ತರಲ್ಲೊಂದು ಪಾಲು, ಇಲ್ಲಿನ ಅಳತೆ.
ಆ ಲೆಕ್ಕಕ್ಕೆ ಇನ್ನೂರು ಮೀಟರ್ ದಾಟಿದೆ ನನ್ನ ಎತ್ತರ;
ಕೆಮ್ಮಿದರೆ ಪ್ಲಾಟ್‌ಫಾರ್ಮಿನ ಹೆಂಗಸು ಬೀಳುತ್ತಾಳೆ.
ಬಿದ್ದಳು, ಎರಡು ಸಲ.
ಪಾದಕ್ಕೆ ಮೇಣ ಮೆತ್ತಿ ನಿಲ್ಲಿಸಿದೆ.

ಓಡಿಸುವುದೇನು, ಗುಂಡಿ ತಿರುಗಿಸಿದರೆ
ಗುರ್ರೆಂದು ಎದ್ದು ಹೊರಡುತ್ತದೆ.
ಫೋಟೋ ಹಾಗಲ್ಲ.
ಮೇಲಿಂದ ತೆಗೆದರೆ ಬರೀ ಆಟಿಕೆ.
ಮಂಡಿಯೂರಿ, ಕೆನ್ನೆಯನ್ನು ಹಳಿಗೆ ಒತ್ತಿ
ಆ ಹೆಂಗಸಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು.
ತಲೆ ತೂರದ ಕಡೆ ಹಲ್ಲಿನ ಕನ್ನಡಿ ತೂರುತ್ತದೆ,
ಸುರಂಗದ ಬಾಯಿಗೆ ಹಿಡಿದು
‘ಆ ಅನ್ನಿ’ ಅನ್ನುತ್ತೇನೆ, ರೂಢಿ.

ಮಸೂರಕ್ಕೆ ದಾಕ್ಷಿಣ್ಯವಿಲ್ಲ.
ನನ್ನ ಸ್ವೆಟರಿನ ಒಂದು ಎಳೆ
ಹಳಿಗೆ ಅಡ್ಡ ಉರುಳಿದ ಕೆಂಪು ಮರ;
ಡಬ್ಬಿಯ ಚಾವಣಿ ತುಂಬ
ಉತ್ತ ಹೊಲದಂತೆ ಹೆಬ್ಬೆಟ್ಟಿನ ಸಾಲು.

ಮೇಲಿನ ಮಹಡಿಯ ಹೆದ್ವಿಕಾ ಬಂದಳು.
ಹೊಳೆಯಾಚೆಯ ಮಾರ್ಗದಲ್ಲಿ
ಇಪ್ಪತ್ತಾರು ವರ್ಷ ಸಿಗ್ನಲ್ ಎಳೆದವಳು.
ಚಿತ್ರ ನೋಡಿ ಚೆಂದ ಅನ್ನಲಿಲ್ಲ.
‘ಯಾರು ಒಳಗೆ ಬಿಟ್ಟಿದ್ದು ಇದನ್ನ?’
‘ಏನನ್ನ?’
‘ಕೈ ಅಡ್ಡ ಇದೆ, ಗಾಡಿ ನಿಲ್ದಾಣದಲ್ಲಿದೆ.
ನಾನಾಗಿದ್ದರೆ ವರದಿ ಬರೀತಿದ್ದೆ.’

ಮತ್ತೆ ತೆಗೆಯಬೇಕಾಯಿತು.
ಕುರ್ಚಿ ಎಳೆದು ಕೂತಳು, ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟು.
‘ಸಂಜೆ ಐದು ನಲವತ್ತರದ್ದು ತಾನೆ?’
‘ಹೌದು.’
‘ಐವತ್ತೊಂದಕ್ಕೆ ಬಿಡು. ಅದು ಹೊತ್ತಿಗೆ ಬಂದದ್ದೇ ಇಲ್ಲ.
ಕೆಳಗಿನ ನಿಲ್ದಾಣದಲ್ಲಿ ಹಾಲಿನ ಕ್ಯಾನು ಇಳಿಸುವ ಆಳು
ನಿಧಾನಿ,
ಮೇಲೆ ಮಾತಿನ ಚಪಲ.’

ಕಾದೆವು.
ಚಹಾ ಆರಿತು. ಕೆಳಗೆ ಟ್ರಾಮ್ ತಿರುಗಿ
ನಾಲ್ಕನೇ ಮಹಡಿಯ ಗಾಜು ಝಣಗುಟ್ಟಿತು,
ಬಾವಿಯ ನೀರು ಅಲುಗಲಿಲ್ಲ,
ಹೆಂಗಸು ಬೀಳಲಿಲ್ಲ.
ಹನ್ನೊಂದು ನಿಮಿಷ ಇಷ್ಟು ಉದ್ದವೆಂದು
ಹಲ್ಲು ಕೀಳಿಸಿಕೊಂಡವರು ಹೇಳುತ್ತಿದ್ದರು.

ಹತ್ತಿರದ್ದೂ ದೂರದ್ದೂ ಎರಡೂ ಬೇಕೆಂದರೆ
ಕ್ಯಾಮೆರಾ ಕಣ್ಣು ಕಿರಿದು ಮಾಡುತ್ತದೆ, ಹೊತ್ತು ಕೇಳುತ್ತದೆ.
ಎಂಟು ಸೆಕೆಂಡು ಕೊಟ್ಟೆ.
ಕೈ ಎತ್ತಿದೆ ಸಿಗ್ನಲಿನದು,
ಗಾಡಿ ಬಿಟ್ಟೆ,
ಉಸಿರು ಹಿಡಿದೆವು ಇಬ್ಬರು ಮುದುಕರು.

ಆಮೇಲೆ ನೋಡಿದರೆ
ಆಕಾಶ ಇಡುವುದನ್ನೇ ಮರೆತಿದ್ದೆ:
ನೀಲಿ ರಟ್ಟು ಗೋಡೆಗೊರಗಿ ನಿಂತೇ ಇದೆ,
ಹಿಂದೆ ಬರಿಯ ಕಿಟಕಿ, ನವೆಂಬರಿನ ಕತ್ತಲು.
ಚಿತ್ರದಲ್ಲಿ ನನ್ನ ರೈಲು ಕಲಸಿಹೋದ ಹಸಿರು;
ಹ್ರೂಬೆಶನ ದವಡೆಯ ಮೇಲುಗಡೆ, ಹೊಳೆಯಾಚೆ,
ನಿಜವಾದ ಗುಡ್ಡದ ಸೊಂಟದಲ್ಲಿ
ಇನ್ನೊಂದು,
ಹಳದಿ ಬೆಳಕಿನ ಗೆರೆ,
ಉಗುರಿನಷ್ಟೂ ಇಲ್ಲ, ನನ್ನದಕ್ಕಿಂತ ಎಷ್ಟೋ ಚಿಕ್ಕದು.
ನಡುವೆ ಮೇಣದ ಪಾದದ ಆ ಹೆಂಗಸು ಮಾತ್ರ ಸ್ಪಷ್ಟ,
ಯಾವುದನ್ನು ಹತ್ತಲಿ ಎನ್ನುವಂತೆ.

ಹೆದ್ವಿಕಾ ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ.
ಕಿಟಕಿಗೆ ಬೆನ್ನಾಗಲಿಲ್ಲ ಅವಳು ಆಗಿನಿಂದ.
ಗಡಿಯಾರವನ್ನು ದೀಪಕ್ಕೆ ಹಿಡಿದು
‘ಐದು ಐವತ್ತೊಂದು’ ಅಂದಳು.
‘ಹಾಲಿನ ಕ್ಯಾನು ನಿಂತು ಮೂವತ್ತು ವರ್ಷ ಆಯ್ತು.
ಈಗೇನಂತೆ ಇವರಿಗೆ?
ಪೆನ್ಸಿಲ್ ಕೊಡು.’